ಕ್ಯಾಶ್ಮೀರ್ ಸ್ವೆಟರ್, ಪಶ್ಮಿನಾ ಶಾಲು ಮನೆಯಲ್ಲೇ ಒಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀನಗರಕ್ಕೆ ಟೂರ್ ಹೋಗಿ ಬಂದವರ ಮನೆಯಲ್ಲಿ ಒಂದು ಪಶ್ಮಿನಾ ಶಾಲು ಇರುತ್ತದೆ. ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಕ್ಯಾಶ್ಮೀರ್ ಸ್ವೆಟರ್ ಇನ್ನು ಕೆಲವರ ಮನೆಯಲ್ಲಿ. ಹಾಳಾದೀತು ಅನ್ನೋ ಭಯಕ್ಕೆ ಒಗೆಯುವುದಿಲ್ಲ. ಒಗೆಯಬೇಕಾದೀತು ಅನ್ನೋ ಭಯಕ್ಕೆ ಹಾಕಿಕೊಳ್ಳುವುದೂ ಇಲ್ಲ. ಕೊನೆಗೆ ಬೀರುವಿನೊಳಗೇ ನುಸಿ ತಿಂದು ತೂತಾಗುತ್ತದೆ. ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆದಿದ್ದೇನೆ. ಎಲ್ಲ ಓದಲು ಪುರುಸೊತ್ತಿಲ್ಲದವರು ಒಗೆಯುವ ಕ್ರಮ ಮತ್ತು ಒಣಗಿಸುವ ಭಾಗ ಎರಡನ್ನಾದರೂ ಪೂರ್ತಿ ಓದಿ.

ಕ್ಯಾಶ್ಮೀರ್ ಬೇರೆ, ಪಶ್ಮಿನಾ ಬೇರೆನಾ? ಒಗೆಯೋ ರೀತಿಯೂ ಬೇರೆನಾ?

ಎರಡೂ ಮೇಕೆಯ ಕೂದಲೇ. ಕುರಿಯದ್ದಲ್ಲ. ಲಡಾಖಿನ ಚಾಂಗ್‌ಥಾಂಗ್ ಪ್ರದೇಶ ಸಮುದ್ರ ಮಟ್ಟದಿಂದ 4,000 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಇಳಿಯುತ್ತದೆ. ಆ ಚಳಿ ತಡೆಯಲು ಅಲ್ಲಿನ ಮೇಕೆಗಳಿಗೆ ಹೊರಗಿನ ಒರಟು ಕೂದಲಿನ ಕೆಳಗೆ, ಚರ್ಮಕ್ಕೆ ಅಂಟಿದ ಹಾಗೆ, ತುಂಬಾ ಮೆತ್ತನೆಯ ಇನ್ನೊಂದು ಪದರ ಬೆಳೆಯುತ್ತದೆ. ಚಳಿ ಮುಗಿದ ಮೇಲೆ ಅದು ತಾನಾಗಿ ಉದುರಲು ಶುರುವಾಗುತ್ತದೆ, ಆಗ ಚಾಂಗ್‌ಪಾ ಕುರಿಗಾಹಿಗಳು ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಈ ಎಳೆಯ ದಪ್ಪ 12ರಿಂದ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಒರಟು ಕೂದಲನ್ನೆಲ್ಲ ಬೇರ್ಪಡಿಸಿದ ಮೇಲೆ ಒಂದು ಮೇಕೆಯಿಂದ ವರ್ಷಕ್ಕೆ ಉಳಿಯುವುದು ಒಂದು ಹಿಡಿಯಷ್ಟೇ. ಒಂದು ಸ್ವೆಟರ್‌ಗೆ ಮೂರು ನಾಲ್ಕು ಮೇಕೆಗಳ ಕೂದಲು ಬೇಕು.

ಹೀಗೆ ಸಿಗುವ ಕೂದಲಲ್ಲೇ ತೀರಾ ನಯವಾದದ್ದನ್ನು ಕಾಶ್ಮೀರದಲ್ಲಿ ಹೆಂಗಸರು ಕೈಚರಕದಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದರೆ ಅದು ಪಶ್ಮಿನಾ ಶಾಲು. ಅಂಗಡಿಯ ಕ್ಯಾಶ್ಮೀರ್ ಸ್ವೆಟರ್‌ಗಳ ಕೂದಲು ಹೆಚ್ಚಾಗಿ ಚೀನಾದ ಒಳ ಮಂಗೋಲಿಯಾ ಮತ್ತು ಮಂಗೋಲಿಯಾ ದೇಶದಿಂದ ಬರುತ್ತದೆ, ನೂಲುವುದು ಹೆಣೆಯುವುದು ಮಿಶಿನ್‌ನಲ್ಲಿ. ಒಗೆಯುವ ನಿಯಮ ಎರಡಕ್ಕೂ ಒಂದೇ. ಕೈಯಲ್ಲಿ ನೂತ ಶಾಲಿಗೆ ಇನ್ನೂ ಸ್ವಲ್ಪ ಜಾಸ್ತಿ ನಿಧಾನ ಬೇಕು, ಅಷ್ಟೇ.

ಲೇಬಲ್ ಮೇಲೆ ಡ್ರೈ ಕ್ಲೀನ್ ಅಂತಿದೆ. ಆದರೂ ನೀರಲ್ಲಿ ಒಗೆಯಬಹುದಾ?

ಒಂದೇ ಬಣ್ಣದ, ಕಸೂತಿ ಇಲ್ಲದ, ಒಳಗೆ ಲೈನಿಂಗ್ ಇಲ್ಲದ ಸ್ವೆಟರ್, ಮಫ್ಲರ್, ಸಾದಾ ಶಾಲು ಆದರೆ ಸಾಮಾನ್ಯವಾಗಿ ಒಗೆಯಬಹುದು. ಇದು ಕೂದಲು ಅನ್ನೋದು ನೆನಪಿಟ್ಟುಕೊಳ್ಳಿ. ನೀರು ಬಿದ್ದರೆ ಕೂದಲು ಹಾಳಾಗುವುದಿಲ್ಲ. ಬಿಸಿನೀರು, ಉಜ್ಜುವುದು, ಕ್ಷಾರದ ಸೋಪು, ಒದ್ದೆ ಇರುವಾಗ ನೇತುಹಾಕುವುದು, ಹಾಳು ಮಾಡುವುದು ಈ ನಾಲ್ಕು.

ಲೇಬಲ್‌ನಲ್ಲಿ ಬಕೆಟ್ ಚಿತ್ರದೊಳಗೆ ಕೈ ಇದ್ದರೆ ಕೈಯಲ್ಲಿ ಒಗೆಯಿರಿ ಅಂತ. ಆ ಬಕೆಟ್ ಮೇಲೆ ಗುಣಾಕಾರದ (X) ಗುರುತು ಹಾಕಿದ್ದರೆ ನೀರಿಗೆ ಹಾಕಲೇಬೇಡಿ ಅಂತ, ಆಗ ಅವರ ಮಾತು ಕೇಳಿ. ಬರೀ ಒಂದು ದುಂಡು ಗುರುತು, ಒಳಗೆ ಒಂದು ಅಕ್ಷರ ಇದ್ದರೆ ಡ್ರೈ ಕ್ಲೀನ್ ಮಾಡಿಸಬಹುದು ಅಂತ ಅರ್ಥ, ನೀರೇ ಬೇಡ ಅಂತಲ್ಲ.

ಡ್ರೈ ಕ್ಲೀನಿಂಗ್‌ನಲ್ಲಿ ನೀರಿನ ಬದಲು ಒಂದು ದ್ರಾವಕ ಬಳಸುತ್ತಾರೆ. ಎಣ್ಣೆ ಜಿಡ್ಡಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೆವರಿನ ಉಪ್ಪು ನೀರಲ್ಲಿ ಕರಗುವಂಥದ್ದು, ಅದು ಅಷ್ಟು ಚೆನ್ನಾಗಿ ಹೋಗುವುದಿಲ್ಲ. ಹಾಗಾಗಿ ಮೈಗೆ ತಾಗುವ ಸ್ವೆಟರ್‌ಗೆ ನೀರಿನ ಒಗೆತವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಯಾವುದನ್ನು ಮನೆಯಲ್ಲಿ ಮುಟ್ಟಲೇಬಾರದು?

ಸೋಜ್ನಿ ಸೂಜಿ ಕಸೂತಿ ಇರುವ ಶಾಲು, ಮಗ್ಗದಲ್ಲೇ ಚಿತ್ತಾರ ಮೂಡಿಸುವ ಕಾನಿ ನೇಯ್ಗೆಯ ಶಾಲು, ಅಜ್ಜಿ ಕಾಲದಿಂದ ಬಂದ ಹಳೇ ಶಾಲು, ಕೋಟು. ಕಸೂತಿಯ ದಾರ ಬೇರೆ, ನೆಲದ ಬಟ್ಟೆ ಬೇರೆ, ಎರಡೂ ನೀರಿಗೆ ಒಂದೇ ಥರ ಕುಗ್ಗುವುದಿಲ್ಲ, ಬಟ್ಟೆ ಅಲ್ಲಲ್ಲಿ ಸುಕ್ಕಾಗಿ ನಿಂತುಬಿಡುತ್ತದೆ. ಬಣ್ಣ ಬಿಡುವ ಅಪಾಯ ಬೇರೆ. ಒಂದು ಕಾನಿ ಶಾಲು ಮಗ್ಗದಿಂದ ಇಳಿಯಲು ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಂಥದ್ದನ್ನು ರೇಷ್ಮೆ ಜರಿ ಸೀರೆಗಳನ್ನು ನಂಬಿ ಕೊಡುವ ಡ್ರೈ ಕ್ಲೀನರ್ ಹತ್ತಿರವೇ ಕೊಡಿ. ಕೊಡುವಾಗ ಕಲೆ ಎಲ್ಲಿದೆ, ಯಾವುದರ ಕಲೆ ಅಂತ ಬಾಯಿಬಿಟ್ಟು ಹೇಳಿ. ಇದು ಪಶ್ಮಿನಾ ಅಂತಲೂ ಹೇಳಿ, ಹೇಳದಿದ್ದರೆ ಮಾಮೂಲಿ ಉಲ್ಲನ್ ಲೆಕ್ಕದಲ್ಲಿ ಜೋರಾಗಿ ಪ್ರೆಸ್ ಮಾಡಿಬಿಡಬಹುದು.

ನನ್ನ ಹತ್ತಿರ ಇರೋದು ನಿಜವಾದ ಪಶ್ಮಿನಾನಾ ಅಂತ ಗೊತ್ತಾಗೋದು ಹೇಗೆ?

ಉಂಗುರದೊಳಗೆ ತೂರಿಸಿ ತೋರಿಸುತ್ತಾರೆ ಅಲ್ವಾ, ಅದನ್ನು ನಂಬಬೇಡಿ. ತೆಳ್ಳಗಿರುವ ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ಎಳೆ) ಶಾಲೂ ಉಂಗುರದಲ್ಲಿ ತೂರುತ್ತದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಪ್ರಾಣಿಯ ಕೂದಲು. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿಯೋ ವಿಸ್ಕೋಸೋ. ಕುರಿ ಉಣ್ಣೆಯಾ ಪಶ್ಮಿನಾನಾ ಅನ್ನೋದು ಮಾತ್ರ ಇದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ಎಳೆ ನೋಡಬೇಕು. ಕಾಶ್ಮೀರಿ ಪಶ್ಮಿನಾಕ್ಕೆ 2008ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಹೊಸದಾಗಿ ಕೊಳ್ಳುವವರು ಪರೀಕ್ಷೆ ಆಗಿರುವ ಆ ಗುರುತು ಇದೆಯಾ ಅಂತ ಕೇಳಿ ಕೊಳ್ಳಿ.

ಸನ್ಮಾನದಲ್ಲಿ ಮೈಸೂರು ಪೇಟದ ಜೊತೆ ಹೊದಿಸುವ ಶಾಲುಗಳ ಬಗ್ಗೆಯೂ ಕೇಳುತ್ತಾರೆ. ಅವು ಹೆಚ್ಚಿನಂಶ ಸಿಂಥೆಟಿಕ್. ಚಳಿಗಾಲದಲ್ಲಿ ಟಿಬೆಟನ್ನರು ರಸ್ತೆ ಬದಿಯಲ್ಲಿ ಹಾಕುವ ಸ್ವೆಟರ್ ಅಂಗಡಿಯ ಮಾಲು ಬಹುಪಾಲು ಲುಧಿಯಾನದ್ದು, ಅದರಲ್ಲೂ ಅಕ್ರಿಲಿಕ್ಕೇ ಜಾಸ್ತಿ. ಅಕ್ರಿಲಿಕ್ ಅಂತ ಖಾತ್ರಿಯಾದರೆ ವಾಷಿಂಗ್ ಮಿಶಿನ್‌ಗೆ ಹಾಕಬಹುದು, ಈ ಪುಟದ ತಲೆನೋವು ನಿಮಗಿಲ್ಲ.

ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ಸ್ವೆಟರ್ ಆದರೆ ಐದಾರು ಸಲ ಹಾಕಿದ ಮೇಲೆ. ಒಳಗೊಂದು ತೆಳ್ಳನೆ ಹತ್ತಿ ಬನಿಯನ್ ಅಥವಾ ಟೀ ಶರ್ಟ್ ಹಾಕಿದ್ದರೆ ಇನ್ನೂ ತಡವಾಗಿ. ಶಾಲು, ಚಳಿಗಾಲ ಮುಗಿದ ಮೇಲೆ ಒಂದು ಸಲ. ಉಣ್ಣೆಗೆ ವಾಸನೆ ಬೇಗ ಅಂಟಿ ಕೂರುವುದಿಲ್ಲ, ಹಾಕಿ ಬಂದ ದಿನ ರಾತ್ರಿ ಕುರ್ಚಿಯ ಮೇಲೆ ಹರಡಿ ಗಾಳಿಗೆ ಬಿಟ್ಟರೆ ಬೆಳಿಗ್ಗೆಗೆ ಸರಿಹೋಗಿರುತ್ತದೆ. ಇವತ್ತು ಹಾಕಿದ್ದನ್ನೇ ನಾಳೆಯೂ ಹಾಕಬೇಡಿ. ಒಂದು ದಿನ ಬಿಟ್ಟರೆ ಮೊಣಕೈ ಹತ್ತಿರ ಜಗ್ಗಿದ್ದು ತಾನಾಗಿ ವಾಪಸ್ ಬರುತ್ತದೆ.

ಬೀರುವಿನಲ್ಲಿ ಎತ್ತಿಡುವ ಮುಂಚೆ ಮಾತ್ರ ಒಗೆಯಲೇಬೇಕು. ಕಾರಣ ಕೆಳಗೆ ನುಸಿಯ ಪ್ರಶ್ನೆಯಲ್ಲಿದೆ. ನಮ್ಮ ಕಡೆ ಅದಕ್ಕೆ ಒಳ್ಳೇ ಸಮಯ ಫೆಬ್ರುವರಿ, ಮಾರ್ಚ್. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅಂತಾರಲ್ಲ, ಆಗ ಗಾಳಿಯೂ ಒಣಗಿರುತ್ತದೆ, ಬಟ್ಟೆ ನೆರಳಲ್ಲೇ ಬೇಗ ಒಣಗುತ್ತದೆ.

ಯಾವ ಸೋಪು, ಯಾವ ಲಿಕ್ವಿಡ್ ಬಳಸಬೇಕು?

ಬಟ್ಟೆ ಸೋಪಿನ ಬಿಲ್ಲೆ ಬೇಡ, ದಿನಬಳಕೆಯ ಡಿಟರ್ಜೆಂಟ್ ಪುಡಿ ಖಂಡಿತಾ ಬೇಡ. ಎರಡು ಕಾರಣ. ಇವು ಕ್ಷಾರೀಯ. ಕ್ಷಾರ ತಾಗಿದಾಗ ಕೂದಲಿನ ಮೇಲಿರುವ ಸಣ್ಣ ಸಣ್ಣ ಪೊರೆಗಳು ಎದ್ದು ನಿಲ್ಲುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಎರಡನೆಯದು, ಒಳ್ಳೆಯ ಪುಡಿಗಳಲ್ಲಿ ರಕ್ತ, ಹಾಲು, ಮೊಟ್ಟೆಯ ಕಲೆ ತೆಗೆಯಲೆಂದು ಪ್ರೋಟೀನ್ ಒಡೆಯುವ ಕಿಣ್ವ ಹಾಕಿರುತ್ತಾರೆ. ಕ್ಯಾಶ್ಮೀರ್ ಎಳೆಯೂ ಪ್ರೋಟೀನೇ. ಹತ್ತಿ ಬಟ್ಟೆಗೆ ಉಪಕಾರ ಮಾಡುವ ಕಿಣ್ವ ಇಲ್ಲಿ ಬಟ್ಟೆಯನ್ನೇ ಸವೆಸುತ್ತದೆ.

ಬ್ಲೀಚ್ ಬಗ್ಗೆ ಒಂದೇ ಮಾತು: ಬೇಡ. ಕ್ಲೋರಿನ್ ಬ್ಲೀಚ್‌ನಲ್ಲಿ ಉಣ್ಣೆ ಕರಗಿಯೇ ಹೋಗುತ್ತದೆ.

ಉಲ್ಲನ್‌ಗೆ ಅಂತಲೇ ಬರುವ ಲಿಕ್ವಿಡ್‌ಗಳು ಸಾಕು, ಈಜಿಯಂಥವು ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಅದೂ ಇಲ್ಲದಿದ್ದರೆ ಮಗುವಿನ ಶಾಂಪೂ. ಒಂದು ಸ್ವೆಟರ್‌ಗೆ ಒಂದು ಟೀ ಚಮಚ ಸಾಕು. ನೊರೆ ಜಾಸ್ತಿ ಬಂದಷ್ಟೂ ಜಾಲಿಸುವ ಕೆಲಸ ಜಾಸ್ತಿ, ಜಾಲಿಸಿದಷ್ಟೂ ಬಟ್ಟೆಗೆ ತ್ರಾಸ.

ಅಂಟುವಾಳ ಕಾಯಿ ಬಳಸಬಹುದಾ ಅಂತ ಹಿರಿಯರು ಕೇಳುತ್ತಾರೆ. ಬಳಸಬಹುದು, ತುಂಬಾ ಒಳ್ಳೆಯದು. ಕಾಶ್ಮೀರದಲ್ಲೂ ಪಶ್ಮಿನಾ ಒಗೆಯಲು ಹಿಂದಿನಿಂದ ಬಳಸುತ್ತಿದ್ದದ್ದು ಇದನ್ನೇ. ಎಂಟು ಹತ್ತು ಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಆ ನೀರನ್ನು ಬಳಸಿ. ಸೋಸದಿದ್ದರೆ ಸಿಪ್ಪೆಯ ಚೂರು ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಳಿ, ಕೆನೆ ಬಣ್ಣದ ಬಟ್ಟೆಗೆ ಇದು ಬೇಡ, ಸ್ವಲ್ಪ ಕಂದು ಛಾಯೆ ಬರುತ್ತದೆ. ಸೀಗೆಪುಡಿ ಮಾತ್ರ ಯಾವ ಬಣ್ಣದ್ದಕ್ಕೂ ಬೇಡ, ಅದರ ಪುಡಿ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಕಂಫರ್ಟ್ ಥರದ ಕಂಡೀಷನರ್ ಬೇಕಾಗಿಲ್ಲ. ಎಳೆ ಮೊದಲೇ ಮೆತ್ತಗಿದೆ, ಅದರ ಮೇಲೆ ಇನ್ನೊಂದು ಲೇಪ ಯಾಕೆ?

ಒಗೆಯೋ ಕ್ರಮ ಒಂದೊಂದಾಗಿ ಹೇಳಿ.

ಮೊದಲು ಬಣ್ಣ ಬಿಡುತ್ತದಾ ನೋಡಿ. ಬಿಳಿ ಹತ್ತಿ ಬಟ್ಟೆಯ ತುದಿಯನ್ನು ಸೋಪಿನ ನೀರಲ್ಲಿ ಅದ್ದಿ, ಸ್ವೆಟರ್‌ನ ಒಳ ಹೊಲಿಗೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಿ ಡ್ರೈ ಕ್ಲೀನರ್ ಹತ್ತಿರ ಹೋಗಿ. ಹಾಗೇ ಬಳೆ, ಉಂಗುರ, ವಾಚು ಬಿಚ್ಚಿಡಿ. ಒಂದು ಎಳೆ ಸಿಕ್ಕಿ ಎಳೆದುಕೊಂಡರೆ ಸರಿ ಮಾಡುವುದು ಕಷ್ಟ.

ಸ್ವೆಟರ್ ಒಳಮೈ ಹೊರಗೆ ಮಾಡಿ. ಅಗಲವಾದ ಬೇಸಿನ್ ಅಥವಾ ಟಬ್ ತೆಗೆದುಕೊಳ್ಳಿ, ಬಕೆಟ್‌ಗಿಂತ ಟಬ್ ಒಳ್ಳೆಯದು, ಬಟ್ಟೆ ಹರಡಿಕೊಂಡು ಕೂರುತ್ತದೆ. ನೀರು ಕೈಗೆ ತಣ್ಣಗೂ ಅಲ್ಲ ಬಿಸಿಯೂ ಅಲ್ಲ ಅನ್ನಿಸಬೇಕು, 30 ಡಿಗ್ರಿ ದಾಟಬಾರದು. ಬೆಂಗಳೂರು ಮೈಸೂರಿನಲ್ಲಿ ನಲ್ಲಿ ನೀರೇ ಸಾಕು, ಗೀಸರ್ ಹಾಕಬೇಡಿ. ಲಿಕ್ವಿಡ್ ಅನ್ನು ಮೊದಲು ನೀರಿಗೆ ಹಾಕಿ ಕಲಸಿ, ಆಮೇಲೆ ಬಟ್ಟೆ ಇಳಿಸಿ. ಬಟ್ಟೆಯ ಮೇಲೆ ನೇರ ಸುರಿಯಬೇಡಿ.

ಈಗ ಅಂಗೈಯಿಂದ ಮೆಲ್ಲಗೆ ಅದುಮಿ, ಬಿಡಿ, ಅದುಮಿ, ಬಿಡಿ. ನೀರು ಒಳಗೆ ಹೋಗಿ ಹೊರಗೆ ಬರಬೇಕು, ಅಷ್ಟೇ ಕೆಲಸ. ಉಜ್ಜಬೇಡಿ, ಬ್ರಷ್ ಹಾಕಬೇಡಿ, ಕುಕ್ಕಬೇಡಿ, ಒಗೆಯುವ ಕಲ್ಲಿನ ಹತ್ತಿರಕ್ಕೂ ತರಬೇಡಿ. ಐದರಿಂದ ಹತ್ತು ನಿಮಿಷ ಸಾಕು. ರಾತ್ರಿಯಿಡೀ ನೆನೆಹಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ತುಂಬಾ ಹೊತ್ತು ನೆಂದರೆ ಎಳೆ ಉಬ್ಬಿ ಸೊರಗುತ್ತದೆ, ಬಣ್ಣವೂ ಬಿಡಬಹುದು. ಮನೆಗೆಲಸಕ್ಕೆ ಬರುವವರು ಒಗೆಯುವುದಾದರೆ ಇದನ್ನು ಪಕ್ಕ ನಿಂತು ಒಮ್ಮೆ ತೋರಿಸಿಕೊಡಿ. ಉಳಿದ ಬಟ್ಟೆಗಳ ರಾಶಿಯಲ್ಲಿ ಹಾಕಿ, ಆಮೇಲೆ ಅವರ ಮೇಲೆ ರೇಗುವುದು ನ್ಯಾಯ ಅಲ್ಲ.

ನೀರು ಚೆಲ್ಲುವಾಗ ಸ್ವೆಟರ್‌ನ ಭುಜ ಹಿಡಿದು ಎತ್ತಬೇಡಿ. ನೀರು ಕುಡಿದ ಉಣ್ಣೆ ತುಂಬಾ ಭಾರ, ತನ್ನ ಭಾರಕ್ಕೇ ಉದ್ದವಾಗುತ್ತದೆ. ಎರಡೂ ಕೈಯನ್ನು ಕೆಳಗೆ ಹಾಕಿ, ಎಳೆಮಗುವನ್ನು ಸ್ನಾನದ ನೀರಿನಿಂದ ಎತ್ತುವ ಹಾಗೆ ಒಟ್ಟಿಗೆ ಎತ್ತಿ. ಅದೇ ಹದದ ಬೇರೆ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಅದೇ ಹದ ಅನ್ನೋದು ಮುಖ್ಯ. ಬೆಚ್ಚಗಿನ ನೀರಿನಿಂದ ತೆಗೆದು ತಣ್ಣೀರಿಗೆ ಹಾಕಿದರೆ ಆ ಹೊಡೆತಕ್ಕೇ ಬಟ್ಟೆ ಮುದುಡಬಹುದು. ಕೊನೆಯ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಸೋಪಿನ ಅಂಶ ಬಿಡುತ್ತದೆ, ವಾಸನೆ ಒಣಗುವಾಗ ಹೋಗುತ್ತದೆ.

ಹಿಂಡಬೇಡಿ. ಹಗ್ಗ ಹೊಸೆದ ಹಾಗೆ ತಿರುಚುವುದಂತೂ ಬೇಡವೇ ಬೇಡ. ಎರಡು ಅಂಗೈ ನಡುವೆ ಒತ್ತಿ ನೀರು ಇಳಿಸಿ.

ನಮ್ಮದು ಬೋರ್‌ವೆಲ್ ನೀರು, ಗಡಸು. ತೊಂದರೆ ಇದೆಯಾ?

ಇದೆ. ಗಡಸು ನೀರಿನಲ್ಲಿರುವ ಸುಣ್ಣದಂಶ ಸೋಪಿನ ಜೊತೆ ಸೇರಿ ಅಂಟಂಟು ಮಡ್ಡಿಯಾಗುತ್ತದೆ, ಅದು ಎಳೆಗಳ ಮೇಲೆ ಕೂತು ಬಟ್ಟೆ ಬಿರುಸಾಗುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ಬಳಸಿದರೆ ಮಡ್ಡಿ ಕಮ್ಮಿ. ಕಾವೇರಿ ನೀರು ಬರುವ ದಿನ ಒಗೆಯಿರಿ, ಅಥವಾ ಕೊನೆಯ ಜಾಲಿಗಾದರೂ ಹಿಡಿದಿಟ್ಟ ಮಳೆನೀರು ಬಳಸಿ. ಇನ್ನೊಂದು ಮಾತು: ಆರ್‌ಓ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಬಟ್ಟೆಗೆ ಬಳಸುವ ಮನೆಗಳು ತುಂಬಾ ಇವೆ, ನೀರು ಉಳಿಸುವ ಒಳ್ಳೆಯ ರೂಢಿ ಅದು, ಆದರೆ ಆ ನೀರು ಬೋರ್ ನೀರಿಗಿಂತಲೂ ಗಡಸು. ನೆಲ ಒರೆಸಲು ಇರಲಿ, ಕ್ಯಾಶ್ಮೀರ್‌ಗೆ ಬೇಡ.

ವಾಷಿಂಗ್ ಮಿಶಿನ್‌ನಲ್ಲಿ ವುಲ್ ಅನ್ನೋ ಬಟನ್ ಇದೆಯಲ್ಲ?

ಫ್ರಂಟ್ ಲೋಡ್ ಆದರೆ, ಸಾದಾ ಸ್ವೆಟರ್ ಆದರೆ, ಲೇಬಲ್ ಒಪ್ಪಿದರೆ ಮಾಡಬಹುದು. ಜಾಲರಿ ಚೀಲದಲ್ಲಿ ಹಾಕಿ, 30 ಡಿಗ್ರಿ ಅಥವಾ ತಣ್ಣೀರು, ಸ್ಪಿನ್ ವೇಗ (ಆರ್‌ಪಿಎಂ) 400ರಿಂದ 600ರೊಳಗೇ ಇರಲಿ, ಜೀನ್ಸು ಟವೆಲ್ ಜೊತೆ ಹಾಕಬೇಡಿ. ಟಾಪ್ ಲೋಡ್ ಬೇಡ, ಅದರ ತಳದ ಚಕ್ರ ಬಟ್ಟೆಯನ್ನು ತಿರುಚುತ್ತದೆ. ಪಶ್ಮಿನಾ ಶಾಲು ಯಾವ ಮಿಶಿನ್‌ಗೂ ಬೇಡ.

ಒಣಗಿಸುವುದು ಹೇಗೆ? ಮಳೆಗಾಲದಲ್ಲಿ ಏನು ಮಾಡಲಿ?

ಒಂದು ದಪ್ಪ ಒಣ ಟವೆಲ್ ಹಾಸಿ, ಅದರ ಮೇಲೆ ಸ್ವೆಟರ್ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲಿನಿಂದ ಒತ್ತಿ. ನೀರೆಲ್ಲ ಟವೆಲ್ ಕುಡಿಯುತ್ತದೆ. ಆಮೇಲೆ ಬೇರೆ ಒಣ ಟವೆಲ್ ಮೇಲೆ ಮಲಗಿಸಿ, ತೋಳು, ಕುತ್ತಿಗೆ, ಅಂಚು ಎಲ್ಲ ಸರಿಯಾದ ಅಳತೆಗೆ ಕೈಯಿಂದ ತಟ್ಟಿ ಕೂರಿಸಿ. ಈ ಹೊತ್ತಿನಲ್ಲಿ ನೀವು ಕೊಟ್ಟ ಆಕಾರವೇ ಒಣಗಿದ ಮೇಲೂ ಉಳಿಯುತ್ತದೆ. ಒಗೆಯುವ ಮುಂಚೆ ಒಂದು ಹಾಳೆಯ ಮೇಲೆ ಉದ್ದ ಅಗಲ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ತಂತಿಯ ಮೇಲೆ ನೇತುಹಾಕಬೇಡಿ, ಕ್ಲಿಪ್ ಹಾಕಬೇಡಿ. ಬಿಸಿಲು ಬೇಡ, ಬಣ್ಣ ಮಾಸುತ್ತದೆ, ಬಿಳಿಯದು ಹಳದಿಯಾಗುತ್ತದೆ. ಗಾಳಿಯಾಡುವ ನೆರಳು ಸಾಕು. ಅರ್ಧ ದಿನಕ್ಕೊಮ್ಮೆ ಮಗುಚಿ ಹಾಕಿ, ಟವೆಲ್ ಬದಲಿಸಿ.

ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಚಳಿಯಲ್ಲಿ ಬೆಚ್ಚಗಿಡುವ ಗುಣ ಇದು, ಆದರೆ ಎತ್ತಿಡುವಾಗ ಇದೇ ಮೋಸ ಮಾಡುತ್ತದೆ. ಒಣಗಿದೆ ಅನ್ನಿಸಿದ ಮೇಲೂ ಇನ್ನೊಂದು ದಿನ ಬಿಟ್ಟು ಮಡಚಿ. ಇಲ್ಲದಿದ್ದರೆ ಮಡಿಕೆಯೊಳಗೆ ಬೂಷ್ಟು ಬರುತ್ತದೆ.

ಮಂಗಳೂರು, ಉಡುಪಿ, ಮಡಿಕೇರಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆಯುವ ಗೋಜಿಗೇ ಹೋಗಬೇಡಿ. ಒಗೆಯಲೇಬೇಕಾಗಿ ಬಂದರೆ ಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ಎಸಿ ಇದ್ದರೆ ಡ್ರೈ ಮೋಡ್ ಹಾಕಿ.

ಹೊರದೇಶದಲ್ಲಿರುವವರಿಗೆ: ಡ್ರೈಯರ್‌ಗೆ ಹಾಕಬೇಡಿ, ರೂಮ್ ಹೀಟರ್ ಮೇಲೆ ಹರವಬೇಡಿ. ಡ್ರೈಯರ್‌ನಲ್ಲಿ ಬಿಸಿಯೂ ಇದೆ, ಉರುಳಾಟವೂ ಇದೆ, ಒಂದೇ ಸಲಕ್ಕೆ ದೊಡ್ಡವರ ಸ್ವೆಟರ್ ಮಗುವಿನ ಅಳತೆಗೆ ಬರಬಹುದು. ಮತ್ತೆ ಅಲ್ಲಿ ಚಳಿಗಾಲದ ನಲ್ಲಿ ನೀರು ಕೊರೆಯುತ್ತದೆ, ಸ್ವಲ್ಪ ಬಿಸಿನೀರು ಬೆರೆಸಿ ಹದ ಮಾಡಿಕೊಳ್ಳಿ, ಜಾಲಿಸುವ ನೀರನ್ನೂ ಹಾಗೇ.

ಇಸ್ತ್ರಿ ಮಾಡಬಹುದಾ?

ನೇರ ತಾಗಿಸಬೇಡಿ. ತೆಳ್ಳನೆಯ ಒದ್ದೆ ಹತ್ತಿ ಬಟ್ಟೆ ಮೇಲೆ ಹಾಸಿ, ವುಲ್ ಸೆಟ್ಟಿಂಗ್‌ನಲ್ಲಿ ಇಟ್ಟು ಎತ್ತಿ, ಇಟ್ಟು ಎತ್ತಿ. ಎಳೆದು ಉಜ್ಜಬಾರದು. ಶಾಲಿನ ಸುಕ್ಕಿಗೆ ಇಸ್ತ್ರಿಯೇ ಬೇಡ, ಬಿಸಿನೀರಿನ ಸ್ನಾನ ಆದ ಮೇಲೆ ಆ ಹಬೆಯಲ್ಲಿ ಹತ್ತು ನಿಮಿಷ ಹರವಿದರೆ ಬಿಡುತ್ತದೆ. ಬೀದಿ ಇಸ್ತ್ರಿಯವರ ಇದ್ದಿಲ ಪೆಟ್ಟಿಗೆಗೆ ಕೊಡಬೇಡಿ, ಅದರ ಶಾಖ ಇದಕ್ಕೆ ಜಾಸ್ತಿ.

ಎರಡು ಸಲ ಹಾಕೋದ್ರಲ್ಲೇ ಮೇಲೆಲ್ಲ ಸಣ್ಣ ಉಂಡೆ ಉಂಡೆ ಎದ್ದಿದೆ. ಮೋಸ ಹೋದ್ನಾ?

ಉಂಡೆ ಎದ್ದಿದೆ ಅಂದ ಮಾತ್ರಕ್ಕೆ ನಕಲಿ ಅಲ್ಲ. ಚಿಕ್ಕ ಎಳೆಗಳು ಉಜ್ಜಾಟಕ್ಕೆ ಹೊರಬಂದು ಸುತ್ತಿಕೊಂಡು ಉಂಡೆಯಾಗುತ್ತವೆ. ಕಂಕುಳು, ಪಕ್ಕೆ, ಬ್ಯಾಗ್ ತಾಗುವ ಭುಜ, ಕಾರಿನ ಸೀಟ್ ಬೆಲ್ಟ್ ಹಾಯುವ ಜಾಗ, ಇಲ್ಲೆಲ್ಲ ಜಾಸ್ತಿ. ಮೊದಮೊದಲು ಬರುತ್ತದೆ, ಸಡಿಲ ಎಳೆಗಳು ಖಾಲಿಯಾದ ಮೇಲೆ ಕಡಿಮೆಯಾಗುತ್ತದೆ. ಎಷ್ಟು ಒಗೆದರೂ ನಿಲ್ಲದೇ ಬರುತ್ತಿದ್ದರೆ ಉದ್ದ ಕಡಿಮೆ ಇರುವ ಅಗ್ಗದ ಎಳೆ ಬಳಸಿದ್ದಾರೆ ಅಂತ.

ಕೈಯಿಂದ ಕೀಳಬೇಡಿ, ಒಂದು ಕಿತ್ತರೆ ಪಕ್ಕದ ಎಳೆಯೂ ಬರುತ್ತದೆ. ಸ್ವೆಟರ್ ಬಾಚಣಿಗೆ ಅಂತ ಸಿಗುತ್ತದೆ, ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿ ಒಂದೇ ದಿಕ್ಕಿಗೆ ಮೆಲ್ಲಗೆ ಬಾಚಿ. ಬ್ಯಾಟರಿಯ ಲಿಂಟ್ ರಿಮೂವರ್ ಸ್ವೆಟರ್‌ಗೆ ಪರವಾಗಿಲ್ಲ, ಶಾಲಿಗೆ ಬೇಡ, ತೆಳು ನೇಯ್ಗೆ ಬ್ಲೇಡಿಗೆ ಸಿಕ್ಕಿದರೆ ತೂತು.

ಸಾರು, ಅರಿಶಿನ, ಕಾಫಿ, ಕೊಬ್ಬರಿ ಎಣ್ಣೆ: ಕಲೆ ತೆಗೆಯೋದು ಹೇಗೆ?

ಬಿದ್ದ ತಕ್ಷಣ ಟಿಶ್ಯೂ ಅಥವಾ ಹತ್ತಿ ಬಟ್ಟೆ ಒತ್ತಿ ಹಿಡಿಯಿರಿ. ಒರೆಸಬೇಡಿ. ಒರೆಸಿದರೆ ಕಲೆ ಹರಡುತ್ತದೆ, ಆ ಜಾಗದ ಎಳೆಗಳೂ ಗಂಟಾಗುತ್ತವೆ.

ನಮ್ಮ ಊಟದಲ್ಲಿ ಬಟ್ಟೆಗೆ ದೊಡ್ಡ ಶತ್ರು ಅರಿಶಿನ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಆರತಿ ನೀರಾಗುತ್ತದೆ ಅಲ್ವಾ, ಸಾರಿನ ಕಲೆಗೆ ಬಟ್ಟೆ ಸೋಪು ಉಜ್ಜಿದಾಗ ಕೆಂಪಾಗುವುದೂ ಅದೇ ಕಾರಣಕ್ಕೆ, ಸೋಪಿನ ಕ್ಷಾರಕ್ಕೆ. ಗಾಬರಿಯಾಗಿ ಇನ್ನಷ್ಟು ಸೋಪು ಹಾಕಬೇಡಿ. ತಣ್ಣೀರಲ್ಲಿ ಎರಡು ಹನಿ ಉಲ್ಲನ್ ಲಿಕ್ವಿಡ್ ಬೆರೆಸಿ, ಬಟ್ಟೆಯ ಹಿಂದಿನಿಂದ ಮೆಲ್ಲಗೆ ಒತ್ತುತ್ತಾ ಬಿಡಿಸಿ. ಪೂರ್ತಿ ಹೋಗುವುದಿಲ್ಲ. ಉಳಿದ ಹಳದಿ ಬೆಳಕಿಗೆ ತಾನಾಗಿ ಮಾಸುತ್ತದೆ, ಹಾಗಾಗಿ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಕೆಲವು ದಿನ ಇಟ್ಟು ನೋಡಿ.

ಶಾಲಿನ ಕುತ್ತಿಗೆ ಭಾಗದಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇಳಿದು ಕಪ್ಪಾಗುತ್ತದೆ. ಅದರ ಮೇಲೆ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಡವಿ ಒಗೆಯಿರಿ. ಕಡಲೆಹಿಟ್ಟು ಬೇಡ, ಅದರ ಹಳದಿಯೇ ಇನ್ನೊಂದು ಕಲೆ. ಎಣ್ಣೆ ಹಚ್ಚಿದ ದಿನ ಶಾಲಿನ ಒಳಗೆ ಒಂದು ಹತ್ತಿ ಸ್ಟೋಲ್ ಹಾಕಿಕೊಂಡರೆ ಈ ತಾಪತ್ರಯವೇ ಇಲ್ಲ.

ಕುಂಕುಮ ಒಣಗಿದ್ದರೆ ನೀರು ಮುಟ್ಟಿಸಬೇಡಿ, ಮೊದಲು ಹಿಂದಿನಿಂದ ತಟ್ಟಿ ಪುಡಿ ಉದುರಿಸಿ. ಒದ್ದೆಯಾದರೆ ಬಣ್ಣ ಇಳಿಯುತ್ತದೆ. ಕಾಫಿಗೆ ತಣ್ಣೀರು ಸಾಕು, ಹಾಲು ಹಾಕಿದ್ದಾದರೆ ಒಂದು ಹನಿ ಲಿಕ್ವಿಡ್. ಸೆಂಟು, ಡಿಯೋ ಹಾಕಿ ಒಣಗಿದ ಮೇಲೆ ಸ್ವೆಟರ್ ಹಾಕಿಕೊಳ್ಳಿ.

ಆಗಲೇ ಕುಗ್ಗಿಹೋಗಿದೆ. ಏನಾದರೂ ಮಾಡಬಹುದಾ?

ಮುಟ್ಟಿ ನೋಡಿ. ಹೆಣಿಗೆಯ ಕಣ್ಣುಗಳು ಇನ್ನೂ ಕಾಣುತ್ತಿದ್ದರೆ ಸ್ವಲ್ಪ ಆಸೆ ಇದೆ. ಬೆಚ್ಚಗಿನ ನೀರಿಗೆ ಎರಡು ಚಮಚ ತಲೆಗೂದಲಿನ ಕಂಡೀಷನರ್ ಕಲಸಿ, ಅರ್ಧ ಗಂಟೆ ನೆನೆಸಿ, ಟವೆಲ್‌ನಲ್ಲಿ ಒತ್ತಿ, ಸ್ವಲ್ಪ ಸ್ವಲ್ಪವೇ ಎಲ್ಲ ಕಡೆಗೂ ಎಳೆಯುತ್ತಾ ಮಲಗಿಸಿ ಒಣಗಿಸಿ. ಕಣ್ಣುಗಳೇ ಮುಚ್ಚಿಹೋಗಿ ದಪ್ಪ ಕಂಬಳಿ ಚೂರಿನಂತಾಗಿದ್ದರೆ ಎಳೆಗಳು ಬೆಸೆದುಕೊಂಡಿವೆ, ಅದು ವಾಪಸ್ ಬರುವುದಿಲ್ಲ. ಅಂಥದ್ದನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಮಗುವಿಗೆ ಟೋಪಿಯೋ ಕೈಗವಸೋ ಹೊಲಿಸಿ.

ನುಸಿ ಹಿಡಿಯದ ಹಾಗೆ ಇಡುವುದು ಹೇಗೆ? ನುಸಿಗುಳಿಗೆ ಸಾಕಾ?

ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳ. ಒಣಹುಲ್ಲಿನ ಬಣ್ಣದ, ಅಕ್ಕಿಕಾಳಿನಷ್ಟು ಉದ್ದದ ಪತಂಗ, ಬೆಳಕು ಕಂಡರೆ ಓಡುತ್ತದೆ, ಕತ್ತಲೆಯ ಮಡಿಕೆಯಲ್ಲಿ ಮೊಟ್ಟೆ ಇಡುತ್ತದೆ. ಹುಳಕ್ಕೆ ಕೂದಲಿನ ಪ್ರೋಟೀನ್ ಬೇಕು, ಅದರ ಜೊತೆ ಬೆವರು, ಊಟದ ಕಲೆ ಇದ್ದರೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೇ ಒಗೆದೇ ಎತ್ತಿಡಿ ಅನ್ನುವುದು. ಒಗೆದಾಗ ಕಣ್ಣಿಗೆ ಕಾಣದ ಮೊಟ್ಟೆಗಳೂ ಒಂದಷ್ಟು ಹೋಗುತ್ತವೆ.

ನುಸಿಗುಳಿಗೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ: ಪುಟ್ಟ ಮಕ್ಕಳಿರುವ ಮನೆಯಲ್ಲಿ ಬೇಡ. ಅದು ನಾಫ್ತಲೀನ್. ಪೆಪ್ಪರ್‌ಮಿಂಟ್ ಅಂದುಕೊಂಡು ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯ ಒಂದು. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಿಗೆ, ಗುಳಿಗೆ ಇಟ್ಟ ಬಟ್ಟೆಯನ್ನು ಹೊದಿಸಿದರೂ ರಕ್ತಕಣ ಒಡೆದು ಕಾಮಾಲೆ ಬರಬಹುದು, ಅದು ಇನ್ನೊಂದು. ಬಾಣಂತಿ, ಮಗುವಿಗೆ ಅಂತ ಹಳೇ ಉಲ್ಲನ್ ಶಾಲು ಬೀರುವಿನಿಂದ ತೆಗೆದು ಹೊದಿಸುವ ರೂಢಿ ನಮ್ಮಲ್ಲಿದೆ, ಹಾಗಾಗಿ ಇದನ್ನು ಮನೆಯ ಹಿರಿಯರಿಗೆ ದಯವಿಟ್ಟು ಹೇಳಿ. ಅಷ್ಟಕ್ಕೂ ಅದರ ಆವಿ ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿದರೆ ಮಾತ್ರ ಹುಳ ಸಾಯುತ್ತದೆ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಬೀರುವಿನಲ್ಲಿ ಸುಮ್ನೆ ವಾಸನೆ.

ಬೇವಿನ ಎಲೆ, ಲಾವಂಚ ಇಡಬಹುದು, ಸ್ವಲ್ಪ ಮಟ್ಟಿಗೆ ದೂರ ಇಡುತ್ತವೆ, ಆದರೆ ಒಳಗಿರುವ ಮೊಟ್ಟೆಗೆ ಏನೂ ಮಾಡುವುದಿಲ್ಲ. ಎಲೆ ಪೂರ್ತಿ ಒಣಗಿರಬೇಕು, ತೆಳು ಬಟ್ಟೆಯಲ್ಲಿ ಕಟ್ಟಿರಬೇಕು, ಉಣ್ಣೆಗೆ ನೇರ ತಾಗಬಾರದು.

ನಿಜವಾಗಿ ಕೆಲಸ ಮಾಡುವುದು ಮೂರು. ಒಗೆದು ಪೂರ್ತಿ ಒಣಗಿಸಿದ್ದನ್ನು ಹಳೇ ಪಂಚೆ ಅಥವಾ ಮಲ್ ಬಟ್ಟೆಯಲ್ಲಿ ಸಂದಿಲ್ಲದ ಹಾಗೆ ಸುತ್ತಿಡಿ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ಹ್ಯಾಂಗರ್‌ಗೆ ಹಾಕದೆ ಮಡಚಿಡಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಂತೂ ತಪ್ಪದೆ, ಹೊರಗೆ ತೆಗೆದು ಕೊಡವಿ, ಬೆಳಕಲ್ಲಿ ಸ್ವಲ್ಪ ಹೊತ್ತು ಹರವಿ, ಬೇರೆ ಮಡಿಕೆಯಲ್ಲಿ ಮಡಚಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಗೆರೆಯಲ್ಲೇ ಎಳೆ ಸೀಳುತ್ತದೆ, ರೇಷ್ಮೆ ಸೀರೆ ಇಟ್ಟವರಿಗೆ ಇದು ಗೊತ್ತು.

ಹುಳ ಬಿದ್ದಿದೆ ಅಂತ ಅನುಮಾನ ಬಂದರೆ ಜಿಪ್ ಕವರ್‌ನಲ್ಲಿ ಗಾಳಿ ತೆಗೆದು ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಕವರ್ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಒಂದೇ ಬಾಗಿಲಿನ ಹಳೇ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ. ಜೊತೆಗೆ ಬೀರು ಖಾಲಿ ಮಾಡಿ ಮೂಲೆ, ಸಂದಿಗಳಿಗೆ ವ್ಯಾಕ್ಯೂಮ್ ಹಾಕಿ.

ಸಣ್ಣ ತೂತಾಗಿದೆ. ಎಸೆಯಬೇಕಾ?

ಬೇಡ. ಮೊದಲು ಫ್ರೀಜರ್ ಅಥವಾ ಒಗೆತ, ಹುಳ ಇನ್ನೂ ಅಲ್ಲೇ ಇದ್ದರೆ ಹೊಲಿದ ಪಕ್ಕದಲ್ಲೇ ಮತ್ತೆ ತಿನ್ನುತ್ತದೆ. ಆಮೇಲೆ ರಫು ಮಾಡಿಸಿ. ಕಾಶ್ಮೀರದಲ್ಲಿ ರಫುಗಾರರು ಶಾಲಿನ ಅಂಚಿನಿಂದಲೇ ಎಳೆ ತೆಗೆದು, ಹಾಸು ಹೊಕ್ಕು ಎರಡನ್ನೂ ಒಂದೊಂದಾಗಿ ಮತ್ತೆ ನೇಯುತ್ತಾರೆ, ಎಲ್ಲಿ ಹರಿದಿತ್ತು ಅಂತ ಹುಡುಕಬೇಕಾಗುತ್ತದೆ. ನಮ್ಮ ಊರುಗಳಲ್ಲೂ ಹಳೇ ಪೇಟೆಗಳ ಕಡೆ, ಕೋಟು ಸೂಟು ಹೊಲಿಯುವ ಟೈಲರ್‌ಗಳನ್ನು ಕೇಳಿದರೆ ರಫು ಮಾಡುವವರ ವಿಳಾಸ ಸಿಗುತ್ತದೆ. ಕೆಲಸಕ್ಕೆ ತಕ್ಕ ಕೂಲಿ ಕೊಡಿ, ಚೌಕಾಸಿ ಬೇಡ, ಕಣ್ಣಿಗೆ ತುಂಬಾ ಶ್ರಮದ ಕೆಲಸ.

ಸ್ವೆಟರ್‌ನಲ್ಲಿ ಒಂದು ಕಣ್ಣು ಬಿಚ್ಚಿದ್ದರೆ ಅದೇ ಬಣ್ಣದ ತೆಳು ಉಣ್ಣೆ ದಾರದಲ್ಲಿ ಒಳಗಿನಿಂದ ಅವತ್ತೇ ಒಂದು ಗಂಟು ಹಾಕಿ ನಿಲ್ಲಿಸಿ, ಮಿಕ್ಕಿದ್ದು ನಿಧಾನಕ್ಕೆ ಮಾಡಿಸಬಹುದು. ಹೊಸ ಸ್ವೆಟರ್ ಜೊತೆ ಪುಟ್ಟ ಕವರ್‌ನಲ್ಲಿ ಒಂದಷ್ಟು ದಾರ, ಒಂದು ಗುಂಡಿ ಕೊಟ್ಟಿರುತ್ತಾರೆ. ಅದನ್ನು ಕಸಕ್ಕೆ ಹಾಕದೆ ಸೂಜಿ ದಾರದ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಇಂಥ ದಿನಕ್ಕೆ ಬೇಕಾಗುತ್ತದೆ.